ಕೊಸರು

ಅಂಗಡಿಯ ಬೋರ್ಡಿನಲ್ಲಿ ಆಗ ಎರಡೇ ಸಾಲು:
ಕರೆನ್ಸಿ ಹಾಕಲಾಗುವುದು. ಹಾಡು ತುಂಬಲಾಗುವುದು.
ನಾಲ್ಕು ಜೀಬಿ ಕಾರ್ಡಿಗೆ ಮೂವತ್ತು ರೂಪಾಯಿ,
ಎಂಟಕ್ಕೆ ಐವತ್ತು, ಆಟೋದವರಿಗೆ ಹತ್ತು ಕಮ್ಮಿ.
ಯಾರ ಹಾಡು, ಯಾವ ಕಂಪನಿಯದು, ಕೇಳಿದವರಿಲ್ಲ.
ದಾವಣಗೆರೆಯ ಭಟ್ಟಿ ಸಾಲಿನಲ್ಲಿ ಮಂಡಕ್ಕಿ ಅಳೆದ ಹಾಗೆ
ನಾನೂ ಅಳೆದೆ, ಸೇರಿನ ಮೇಲೆ ಗೋಪುರ ಏರುವಷ್ಟು.

ಕಳ್ಳತನ ಅಂತ ಗೊತ್ತಿತ್ತೇ?
ಗೊತ್ತಿತ್ತು. ವಾಸನೆ ಮಾತ್ರ ಬರುತ್ತಿರಲಿಲ್ಲ.

ಈಗ ಕಾರ್ಡು ತರುವವರಿಲ್ಲ. ಕವರು, ಗಾಜು ಮಾರುತ್ತೇನೆ.

ಬುಡೇನ್ ಸಾಬರು ಹಿಂದಿನ ಓಣಿಯ ಭಟ್ಟಿಯಲ್ಲಿ
ಉಸುಕು ಕಾಯಿಸುವವರು. ಮೊಹರಂ ಬಂತೆಂದರೆ
ಅಲಾವಿಯ ಮುಂದೆ ರಿವಾಯತು ಎತ್ತುವವರು.
ಹೊಟ್ಟಿನ ಹೊಗೆ ಕುಡಿದು ಕುಡಿದು
ಕಂಬಳಿಯಷ್ಟು ಒರಟಾದ ಗಂಟಲು.
ಹೋದ ವರ್ಷ ಷಟರು ಎಳೆದು, ಫ್ಯಾನು ಆರಿಸಿ,
ಬೆವರು ಸುರಿಸಿಕೊಂಡು ಆರು ಪದ ರೆಕಾರ್ಡು ಮಾಡಿದೆವು.
ಐದನೆಯದರ ನಡುವೆ ರೈಲು ಹಾಯುತ್ತದೆ.
ಇರಲಿ ಬಿಡು, ಅದೂ ಊರಿಂದೇ, ಅಂದರು.

ಆಮೇಲೆ ನೆಟ್ಟಿನ ಮಳಿಗೆಗಳ ಬಾಗಿಲು ತಟ್ಟಿದೆ.
ದೊಡ್ಡ ಲೇಬಲ್ಲಿನ ಒಂದು ಹಾಡಿಗೆ ಇಲ್ಲಿ ಹತ್ತೊಂಬತ್ತು,
ಅದೇ ಹಾಡು ಪಕ್ಕದ ಮಳಿಗೆಯಲ್ಲಿ ಹನ್ನೆರಡು,
ಮತ್ತೊಂದರಲ್ಲಿ ತಿಂಗಳ ಬಾಡಿಗೆಯೊಳಗೆ ಸೇರಿಹೋಗಿದೆ,
ಇನ್ನೊಂದರಲ್ಲಿ 'ನಿಮ್ಮ ದೇಶಕ್ಕೆ ಲಭ್ಯವಿಲ್ಲ'.
ಲೇಬಲ್ ಹೆಸರು? ಕೇಳಿತು. 'ಭಟ್ಟಿ ಆಡಿಯೋ' ಅಂತ ಬರೆದೆ.
ಬೆಲೆಯ ದರ್ಜೆ? ಉತ್ತಮ, ಸಾಧಾರಣ, ಅಗ್ಗ.
ಅಗ್ಗ ಒತ್ತುವ ಮುಂಚೆ
ಬೆರಳು ಒಂದು ಗಳಿಗೆ ನಿಂತದ್ದು ನಿಜ.
ಒತ್ತಿದ್ದೂ ನಿಜ.

ಹನ್ನೊಂದು ತಿಂಗಳಿಗೆ ಲೆಕ್ಕ ಬಂತು. ಭಟ್ಟಿಯ ಮುಂದೆ
ಖಾಲಿ ಚೀಲದ ಮೇಲೆ ಕೂತು ಓದಿ ಹೇಳಿದೆ:
ಹರಿಹರ, ಜಗಳೂರು, ಹರಪನಹಳ್ಳಿ ಎಲ್ಲ ಕೂಡಿ
ನಾನೂರ ಹನ್ನೆರಡು ಸಲ. ಇಪ್ಪತ್ತು ರೂಪಾಯಿ ಅರವತ್ತು ಪೈಸೆ.
ನಾರ್ವೆ ದೇಶ, ಒಂಬತ್ತು ಸಲ. ಮೂರು ಅರವತ್ತು.

'ಅಲ್ಲ ತಮ್ಮಾ, ಜಗಳೂರಿನ ಕಿವಿಗೆ ಐದು ಪೈಸೆ,
ಅಲ್ಲಿ ಕಿವಿಗೆ ನಲವತ್ತಾ?'
ಅಲ್ಲಿ ಬಾಡಿಗೆ ಜಾಸ್ತಿ ಸಾಬರೇ, ಅಂದೆ. ಕೇಳಿಸಿಕೊಳ್ಳಲಿಲ್ಲ.
'ಒಬ್ಬನೇ ಒಂಬತ್ತು ಸಲವೋ, ಒಂಬತ್ತು ಮಂದಿಯೋ?'
ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಾಡಿಸಿದೆ.
ಅದೊಂದು ಅದರಲ್ಲಿರಲಿಲ್ಲ.

ಕೆಳಗೆ ಇನ್ನೊಂದು ಸಾಲು: ಸಾವಿರದ ಮುನ್ನೂರು ಸಲ, ಸೊನ್ನೆ.
ಮೂವತ್ತು ಸೆಕೆಂಡಿನೊಳಗೆ ಎದ್ದು ಹೋದವರು.
ಸಾಬರ ಪದ ಶುರುವಾಗುವುದೇ ನಲವತ್ತಕ್ಕೆ.
ಅದಕ್ಕೂ ಮುಂಚೆ ಬರೀ ಒಂದು ಕೂಗು, ಉಸಿರು ತುಂಬಿಕೊಳ್ಳುವುದು,
ಪಂಜಾಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವುದು.
ಮುಂದಿನ ತುಂಡು ಕತ್ತರಿಸೋಣ, ಎರಡು ನಿಮಿಷದ ಕೆಲಸ, ಅಂದೆ.

ಅವರು ಜಾಲರಿ ಝಾಡಿಸಿದರು.
ಬಿಸಿ ಉಸುಕು ಇಳಿದು ಹೋಗಿ ಬೆಳ್ಳಗೆ ಉಳಿಯಿತು.
ಮನೆಗೆಂದು ನಾನು ಕೊಂಡ ಎರಡು ಸೇರು ಅಳೆದು ಸುರಿದು,
ಮೇಲೆ ಒಂದು ಬೊಗಸೆ ಹಾಕಿ ಕೇಳಿದರು:
'ಇದಕ್ಕೂ ರೊಕ್ಕ ಕೊಡ್ತೀಯೇನು?'
ಕೊಸರಿಗೆ ಯಾರು ಕೊಡ್ತಾರೆ, ಅಂದೆ.
'ಹಂಗಾರ ಸುಮ್ನಿರು.'

ಬರಬೇಕಾದ ಇಪ್ಪತ್ನಾಲ್ಕು ರೂಪಾಯಿ ಇಪ್ಪತ್ತು ಪೈಸೆ
ಎಂಟು ನೂರು ಮುಟ್ಟುವ ತನಕ ಕೈಗೆ ಬರುವುದಿಲ್ಲವಂತೆ.
ನಾನೇ ಜೇಬಿನಿಂದ ಮೂವತ್ತು ಕೊಟ್ಟೆ,
ಒಂದು ಕಾಲದ ನಾಲ್ಕು ಜೀಬಿಯ ರೇಟು.
ಅವರು ಅಂಗಿಯ ಎರಡೂ ಜೇಬು ತಡಕಿದರು,
ಹೊಟ್ಟು ಉದುರಿತು, ಐದರ ನಾಣ್ಯ ಸಿಕ್ಕಿತು.
ಇನ್ನು ಎಂಬತ್ತು ಪೈಸೆ.
ಅದನ್ನು ಎಲ್ಲಿಂದ ತರುವುದೆಂದು
ಇಬ್ಬರೂ ಹೊಗೆಯಲ್ಲಿ ನಿಂತೆವು.